ಅಮ್ಮನಿಗೆ ಬಿಟ್ಟ ಹುಂಜ

ಯಗಟಿಯಲ್ಲಿ ನಮ್ಮ ಅತ್ತೆ ದ್ಯಾವಮ್ಮ ಸಾಕುವ ನಾಟಿ ಕೋಳಿಗಳಿಗೆ ಒಂದೇ ಕಾನೂನು. ಮನುಷ್ಯರನ್ನು ಕುಕ್ಕಿದ್ದು ಅವತ್ತು ಸಂಜೆಗೇ ಸಾರಾಗಬೇಕು. ಮದುವೆಯಾಗಿ ಬಂದಾಗಿನಿಂದ ಅವರು ಮಾಂಸಕ್ಕೆಂದೇ ಕೋಳಿ ಸಾಕಿದವರು. ಕಾವಿಗೆ ಕೂರಿಸುವುದು, ಮರಿಗಳಿಗೆ ನುಚ್ಚು ಹಾಕುವುದು, ಹದ್ದಿಗೆ ಕಲ್ಲು ಬೀರುವುದು, ಕೊನೆಗೆ ಕುಯ್ದು ಪುಕ್ಕ ಕೀಳುವುದು ಎಲ್ಲವೂ ಅವರದೇ ಕೈ. ಯಾವ ಕೋಳಿಯ ಮೇಲೂ ಅವರು ಮರುಕ ತೋರಿಸಿದ್ದನ್ನು ನಾನು ಕಂಡಿಲ್ಲ, ಈ ಕೆಂಪು ಹುಂಜವೊಂದನ್ನು ಬಿಟ್ಟು.

ನನ್ನ ಮಗಳು ಗಗನಾಗೆ ಜ್ವರ ಏರಿ ಫಿಟ್ಸ್ ಬಂದ ದಿನ ನಾನು ಅವಳನ್ನು ಎತ್ತಿಕೊಂಡು ಕಡೂರಿನ ಆಸ್ಪತ್ರೆಗೆ ಓಡಿದ್ದೆ. ಇತ್ತ ಅತ್ತೆ ಈ ಹುಂಜದ ಕಾಲಿಗೆ ಅರಿಶಿನದ ಬಟ್ಟೆ ಕಟ್ಟಿ, ಮಗು ಉಳಿದರೆ ಹಬ್ಬದಲ್ಲಿ ಇದನ್ನೇ ಕೊಡುತ್ತೇನೆಂದು ಊರಮ್ಮನಿಗೆ ಹರಕೆ ಹೊತ್ತಿದ್ದರು. ಮಗು ಉಳಿಯಿತು. ಹಬ್ಬ ಇನ್ನೂ ದೂರವಿತ್ತು, ಹುಂಜ ಕೊಬ್ಬಿತು.

ಮೊನ್ನೆ ಅದು ಅಂಗಳದಲ್ಲಿ ಗಗನಾಳ ಮೇಲೆ ಹಾರಿ ಕಣ್ಣಿನ ಕೆಳಗೇ ಕುಕ್ಕಿತು. ಚೂರು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ರಕ್ತ ಒರೆಸಿ, ಅವಳನ್ನು ಒಳಗೆ ಕೂರಿಸಿ, ಮಚ್ಚು ಹಿಡಿದು ಹೊರಗೆ ಬಂದೆ.

“ಇವತ್ತೇ ಸಾರು ಮಾಡಿ, ಅತ್ತೆ. ನಿಮ್ಮದೇ ಕಾನೂನು.”

“ಅದು ನಂದಲ್ಲ ಕಣೇ. ಅಮ್ಮುಂದು.”

“ಅಮ್ಮನಿಗೆ ಬೇರೆ ಹುಂಜ ಕೊಡಿ.”

“ತೋರ್ಸಿದ್ದೊಂದು, ಕೊಡೋದಿನ್ನೊಂದಾ? ಸಂತೇಲಿ ಹಂಗ್ ಮಾಡಿದ್ರೇ ಒದೀತಾರೆ.”

“ಜ್ವರ ಇಳಿಸಿದ್ದು ಡಾಕ್ಟ್ರು. ಹಾಗಾದ್ರೆ ಅವರಿಗೇ ಕೊಡಿ.”

“ಅವ್ರು ಫೀಸ್ ಇಸ್ಕಂಡ್ರಲ್ಲ. ಅಮ್ಮ ಇನ್ನೂ ಇಸ್ಕಂಡಿಲ್ಲ.”

ಹುಂಜದ ರೆಕ್ಕೆ ಹಿಡಿದು ನೆಲಕ್ಕೆ ಒತ್ತಿದೆ. ಅತ್ತೆ ತಡೆಯಲಿಲ್ಲ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಕುಯ್ಯಿ. ನಾಳೆ ಮಗೀಗೆ ಮೈ ಬೆಚ್ಚಗಾದ್ರೆ ನನ್ನ ಮುಖ ಮಾತ್ರ ನೋಡ್ಬೇಡ” ಎಂದರು.

ಹರಕೆಯಲ್ಲಿ ನನಗೆ ನಂಬಿಕೆಯಿಲ್ಲ. ಈಗಲೂ ಇಲ್ಲ. ಆದರೆ ಅವತ್ತು ಮಗಳ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿದ್ದನ್ನು ಕಂಡವಳು ನಾನು. ಮಚ್ಚು ಏಳಲಿಲ್ಲ. ಹೆತ್ತವಳ ಭಯ ಎಲ್ಲಿದೆಯೆಂದು ಗೊತ್ತಿದ್ದೇ ಅಲ್ಲಿಗೆ ಕೈ ಹಾಕಿದ ಆ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ.

ಮಗಳ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನು ಹುಂಜದ ಮೇಲೆ ಕವುಚಿ, ಮೇಲೆ ರುಬ್ಬುಗುಂಡು ಹೇರಿದೆ. ಹಬ್ಬದ ತನಕ ಅದಕ್ಕೆ ಅದೇ ಜೈಲು.

“ಒಂದು ಬಟ್ಲು ನೀರಿಡೇ, ಸತ್ಗಿತ್ ಹೋದಾತು” ಎಂದರು ಅತ್ತೆ.

ಬೈದುಕೊಂಡೇ ಇಟ್ಟೆ. ನೀರಿಟ್ಟ ಕೈಯನ್ನೂ ಅದು ಕುಕ್ಕಿತು. ಹಬ್ಬದ ದಿನ ಇದರ ಪುಕ್ಕ ಕೀಳುವವಳು ನಾನೇ ಎಂದು ಅತ್ತೆಗೆ ಹೇಳಿಟ್ಟಿದ್ದೇನೆ.