ಅಶ್ವತ್ಥದ ಬುಡದ ದೇವರು

ಸಾಗರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯಲು ಬರುವವರಲ್ಲಿ ಎರಡು ಪಂಗಡ. ವಿನಯಾ ಬರುವುದರೊಳಗೆ ಬಂದು ಹೋಗಿಬಿಡುವವರು ಒಂದು. ಅವಳ ಕಣ್ಣೆದುರು ಚಾಕಲೇಟಿನ ಸಿಪ್ಪೆಯನ್ನು ಜೇಬಿಗಿಳಿಸಿ, ಹುಟ್ಟಿದಾಗಿನಿಂದ ಹೀಗೇ ಎಂಬಂತೆ ನಡೆಯುವವರು ಇನ್ನೊಂದು. ಅವಳ ಬಾಯಿಗೆ ಹೆದರದವರು ಬಡಾವಣೆಯಲ್ಲಿ ಇಬ್ಬರೇ, ಅವಳ ಗಂಡ ಹೇರಂಬ ಹೆಗಡೆ ಮತ್ತು ಬೀದಿಯ ಹಂದಿಗಳು.

ಹೆಗ್ಗೋಡಿನ ಕಡೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಗದರಲು ಮಕ್ಕಳಿಲ್ಲದೆ ಇಡೀ ಬಡಾವಣೆಯನ್ನೇ ತರಗತಿ ಮಾಡಿಕೊಂಡಳು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ, ಆಡುವವರ ಬಾಯಿಗೆ ಬೀಗ ಇಲ್ಲ. ಆದರೆ ಅವಳು ಕೈಹಾಕುವ ಮೊದಲು ಆ ಪಾರ್ಕಿಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಎಲ್ಲೆಂದರಲ್ಲಿ ಕುಡಿದು ಒಡೆದ ಬಾಟಲಿ, ಬೇಲಿಗೆ ಸಿಕ್ಕಿಬಿದ್ದ ಪ್ಲಾಸ್ಟಿಕ್ಕು. ಈಗ ಮೂಲೆಯಲ್ಲಿ ಎಲೆಗೊಬ್ಬರದ ಗುಂಡಿಯಿದೆ, ಬಾಟಲಿ ಹಾಕಲು ಕಬ್ಬಿಣದ ಪಂಜರವಿದೆ, ಭಾನುವಾರ ಗುಡಿಸಲು ಬರುವ ಒಂದು ಬಳಗವಿದೆ. ಇದೆಲ್ಲ ಅವಳು ಮನೆಮನೆ ತಿರುಗಿ, ಬೈದು, ಕಾಡಿ ಮಾಡಿಸಿದ್ದು.

ಬಗೆಹರಿಯದೆ ಉಳಿದದ್ದು ಅಶ್ವತ್ಥಕಟ್ಟೆ. ಪಾರ್ಕಿನ ನಡುವಿನ ಆ ಮರ ಬಡಾವಣೆಗಿಂತ ಹಳೆಯದು. ಮನೆಗೆ ಬಣ್ಣ ಹೊಡೆಸುವವರು, ಹೊಸ ದೇವರಕೋಣೆ ಕಟ್ಟಿಸಿದವರು ಹಳೆಯ ದೇವರ ಪಟಗಳನ್ನು ತಂದು ಅದರ ಬುಡಕ್ಕೆ ಒರಗಿಸಿ, ಕೈಮುಗಿದು, ಹಿಂದಿರುಗಿ ನೋಡದೆ ಹೋಗುತ್ತಿದ್ದರು. ದೇವರನ್ನು ಕಸದ ಗಾಡಿಗೆ ಹಾಕುವ ಧೈರ್ಯ ಯಾರಿಗಿದೆ? ಹಾಗಂತ ಮನೆಯಲ್ಲಿಟ್ಟುಕೊಳ್ಳುವ ಮನಸ್ಸೂ ಇಲ್ಲ. ಮರವಂತೂ ಬೇಡ ಎನ್ನುವುದಿಲ್ಲವಲ್ಲ! ಮಳೆಗಾಲ ಕಳೆಯುವಷ್ಟರಲ್ಲಿ ಲಕ್ಷ್ಮಿಗೆ ಬೂಸಲು ಹಿಡಿದು, ವೆಂಕಟರಮಣನ ಪಾದಕ್ಕೆ ಗೆದ್ದಲು ಹತ್ತಿ, ಒಡೆದ ಗಾಜು ಆಡುವ ಮಕ್ಕಳ ಕಾಲಿಗೆ ಚುಚ್ಚುತ್ತಿತ್ತು.

ಆ ಪಟಗಳನ್ನು ಮುಟ್ಟಲು ಬಳಗದವರು ಒಬ್ಬರೂ ಮುಂದೆ ಬರಲಿಲ್ಲ. "ನಾನು ಶಾಸ್ತ್ರೋಕ್ತವಾಗಿ ಅಗ್ನಿಗೆ ಒಪ್ಪಿಸ್ತೀನಿ, ನಿಮಗ್ಯಾರಿಗೂ ಪಾಪ ಬೇಡ" ಎಂದು ವಿನಯಾ ಸಭೆಯಲ್ಲಿ ಹೇಳಿದಳು. ಶಾಸ್ತ್ರ ಎಲ್ಲಿಂದ ಬರಬೇಕು? ಪಟಗಳನ್ನು ಮನೆಗೊಯ್ದು ಹಿತ್ತಲಲ್ಲಿ ಕೂತು ಚೌಕಟ್ಟು ಬಿಚ್ಚುತ್ತಿದ್ದಳು. ಗಾಜು ಒಂದು ಚೀಲಕ್ಕೆ, ಮೊಳೆ ತಗಡು ಇನ್ನೊಂದಕ್ಕೆ, ಎರಡೂ ಗುಜರಿಗೆ. ಮರದ ಪಟ್ಟಿ, ರಟ್ಟು, ಚಿತ್ರ ಎಲ್ಲ ಸೇರಿ ಬಚ್ಚಲೊಲೆಗೆ. ಒಲೆಯೂ ಅಗ್ನಿಯೇ ತಾನೆ ಎಂಬುದು ಅವಳ ವಾದ. ಮೊದಮೊದಲು ಕೈಮುಗಿದು ಹಾಕಿದಳು. ಆಮೇಲಾಮೇಲೆ ಗ್ಯಾಸಿನ ಮೇಲಿನ ಹಾಲು ಉಕ್ಕೀತು ಎಂಬ ಅವಸರದಲ್ಲಿ ಒಟ್ಟಿಗೇ ತುರುಕಿ ಎದ್ದುಬರುತ್ತಿದ್ದಳು. "ಇವತ್ತು ಯಾವ ದೇವ್ರ ನೀರೇ?" ಎಂದು ಹೇರಂಬ ಬಚ್ಚಲಿಂದ ಕೂಗುತ್ತಿದ್ದ. ಇಬ್ಬರೂ ನಗುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಟ್ಟೆಯ ಬಳಿ ಒಬ್ಬ ಮುದುಕಿ ಬೇರುಗಳ ಸಂದಿಯಲ್ಲಿ ಕೈಯಾಡಿಸುತ್ತಿದ್ದಳು. ಹಿಂದಿನ ಬೀದಿಯ ನವ್ಯಾಳ ಅತ್ತೆ, ಗುತ್ಯಮ್ಮ. ಹೊಸನಗರದ ಕಡೆಯ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದವಳು, ಗಂಡ ಸತ್ತ ಮೇಲೆ ಮಗನ ಮನೆಗೆ ಬಂದಿದ್ದಳು.

"ಅಮ್ಮಾ, ಇಲ್ಲಿ ಸಿಗಂದೂರಮ್ಮನ ಪಟ ಒಂದಿತ್ತು, ಕಂಡ್ರಾ? ನೀಲಿ ಚೌಕಟ್ಟು. ಮೂಲೆ ಮುರ್ದಿತ್ತು ಅಂತ ನಾನೇ ಹಸ್ರು ವಯರು ಸುತ್ತಿದ್ದೆ."

"ಯಾಕೆ ಗುತ್ಯಮ್ಮ, ಮನೇಲಿ ಹೊಸದು ತಂದಿರಬೇಕಲ್ಲ?"

"ಹೊಸಾದು ಐತೆ. ಬಣ್ಣ ಹೊಡ್ಸೋವಾಗ ಹಳೇದು ಅಂತ ಸೊಸೆ ಇಲ್ ತಂದಿಟ್ಟೈತೆ. ಅದ್ಕೇನ್ ಗೊತ್ತು ಪಾಪ. ಆ ಪಟದ ಹಿಂದೆ ನನ್ ಮಗ್ಳಿದ್ಲು."

ಆಶಾ ಎಂಬ ಮಗಳು ಹತ್ತನೇ ತರಗತಿಯಲ್ಲಿ ಕಾಮಾಲೆಯಾಗಿ ಸತ್ತಿದ್ದಳು. ಶಾಲೆಯಲ್ಲಿ ತೆಗೆಸಿದ ಒಂದು ಫೋಟೋ ಬಿಟ್ಟರೆ ಬೇರೆ ಇರಲಿಲ್ಲ. ಅದನ್ನು ಗೋಡೆಗೆ ಹಾಕಲು ಗಂಡ ಸುಬ್ಬಪ್ಪ ಬಿಡಲಿಲ್ಲ. ನೋಡಿದಷ್ಟೂ ಹೊಟ್ಟೆ ಉರಿಯುತ್ತದೆ, ಕಣ್ಣಿಗೆ ಬೀಳದ ಹಾಗೆ ಇಡು ಎಂದ. ಗುತ್ಯಮ್ಮ ಅದನ್ನು ದೇವಿಯ ಪಟದ ಹಿಂದೆ, ರಟ್ಟಿನೊಳಗೆ ಸೇರಿಸಿ ಮೊಳೆ ಹೊಡೆದಳು. ಅಂದಿನಿಂದ ಸಂಜೆ ದೀಪ ಹಚ್ಚಿದರೆ ಅದು ಇಬ್ಬರಿಗೂ. ಗಂಡ ಹೋದ ಮೇಲೆ ಬಿಚ್ಚಿ ನೋಡಬೇಕೆಂದುಕೊಂಡಳು, ಕೈ ಬರಲಿಲ್ಲ.

ವಿನಯಾಳಿಗೆ ಆ ಪಟ ನೆನಪಾಯಿತು. ಹಸಿರು ವಯರನ್ನು ಇಕ್ಕುಳದಿಂದ ಕತ್ತರಿಸಿದ್ದು ಅವಳೇ, ಹಿಂದಿನ ವಾರ. ರಟ್ಟು ತೆಗೆದಾಗ ಹಿಂದಿನಿಂದ ಅಂಗೈಯಗಲದ ಏನೋ ಬಿದ್ದಿತ್ತು. ಅದನ್ನೂ ಉಳಿದ ಕಾಗದದ ಜೊತೆ ಬಾಚಿ ಒಲೆಗೆ ಹಾಕಿದ್ದಳು.

"ನೀವೇ ಅಲ್ವ ಇದ್ನೆಲ್ಲ ತಗಂಡು ಹೋಗೋದು? ಎಂತ ಮಾಡ್ತೀರಿ?" ಮುದುಕಿಯ ಪ್ರಶ್ನೆಯಲ್ಲಿ ಯಾವ ಕೊಂಕೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ವಿನಯಾ ಗಡಬಡಿಸಿದಳು.

"ಹಾಳಾಗಿದ್ದನ್ನ ಮಾತ್ರ... ಚೆನ್ನಾಗಿರೋದನ್ನ ಯಾರಾದ್ರೂ ಪೂಜೆಗೆ ಅಂತ ತಗೊಂಡು ಹೋಗ್ತಾರೆ. ನಿಮ್ಮದನ್ನೂ ಯಾರೋ ಒಯ್ದಿರಬೇಕು."

ಒಂದೇ ಒಂದು ಸುಳ್ಳು. ಮುದುಕಿಯ ಮುಖ ಅರಳಿತು.

"ಹೌದಾ? ಹಂಗಾದ್ರೆ ಯಾರೋ ಪುಣ್ಯವಂತ್ರ ಮನೇಲಿ ನನ್ ಮಗ್ಳಿಗೆ ದಿನಾ ಹೂವು ಬೀಳ್ತೈತೆ ಬಿಡಿ."

ಆವತ್ತು ವಿನಯಾಳಿಗೆ ಬಚ್ಚಲಿಗೆ ಹೋಗಲಾಗಲಿಲ್ಲ. ಒಲೆಯ ಬೂದಿಯನ್ನು ಆಗಲೇ ಪಾರ್ಕಿನ ದಾಸವಾಳದ ಬುಡಕ್ಕೆ ಸುರಿದಾಗಿತ್ತು. ತಾನು ಎಂಥ ಹೆಂಗಸು ಎಂದು ಅವಳಿಗೇ ಹೇಸಿಗೆಯಾಯಿತು. ಊರಿನವರ ಕೈಯಿಂದ ಬಿದ್ದ ಚಾಕಲೇಟು ಸಿಪ್ಪೆಯನ್ನು ಹತ್ತು ಮಾರು ದೂರದಿಂದ ಕಾಣುವ ಕಣ್ಣು, ತನ್ನ ಕೈಯಲ್ಲಿದ್ದುದನ್ನು ಕಾಣಲಿಲ್ಲ. ಹೇರಂಬನಿಗೆ ಹೇಳಿದಳು.

"ಈಗ ಆ ಮುದುಕಿಗೆ ನೆಮ್ಮದಿ ಇದ್ದಲೇ," ಎಂದ ಹೇರಂಬ. "ಎಂತಕ್ಕೆ ಹೇಳಿ ಕೆದಕ್ತೆ? ಸುಮ್ನಿರು."

ಸುಮ್ಮನಿದ್ದಳು. ಆದರೆ ಗುತ್ಯಮ್ಮ ಸುಮ್ಮನಿರಲಿಲ್ಲ. ಪಟ ವಾಪಸು ಬೇಡ, ಪೂಜೆಯಾಗುವುದನ್ನು ಒಮ್ಮೆ ಕಂಡರೆ ಸಾಕು ಎಂದು ಕೈಯಲ್ಲೊಂದು ಹೂವು ಹಿಡಿದು ಮನೆಮನೆಯ ಗೇಟು ತಟ್ಟತೊಡಗಿದಳು. ಕೆಲವರು ಕೂರಿಸಿ ನೀರು ಕೊಟ್ಟರು. ಕೆಲವರು ಒಳಗಿದ್ದೂ ಇಲ್ಲವೆಂದರು. ಒಬ್ಬ ಮಹಾನುಭಾವ "ನಮ್ಮನ್ನ ಕಳ್ಳರು ಅಂತೀಯಾ?" ಎಂದು ಬೀದಿಯಲ್ಲಿ ನಿಲ್ಲಿಸಿ ಬೈದ. ಮುದುಕಿ ಹೂವನ್ನು ಅವನ ಗೇಟಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೋದಳಂತೆ.

ಇದನ್ನು ವಿನಯಾಳಿಗೆ ಹೇಳಿದ್ದು ನವ್ಯಾ. ಪಾರ್ಕಿಗೆ ಹುಡುಕಿಕೊಂಡು ಬಂದಿದ್ದಳು, ಕಣ್ಣು ಊದಿಕೊಂಡಿತ್ತು.

"ಮೇಡಂ, ನಿಮ್ಮ ಮಾತು ಅಂದ್ರೆ ಅತ್ತೆಗೆ ಅಷ್ಟು ನಂಬಿಕೆ. ಇನ್ನು ಹುಡುಕಬೇಡಿ ಅಂತ ನೀವೇ ಹೇಳಿ. ನಮ್ಮನೆಯವ್ರು ನನ್ನ ಹತ್ರ ಮಾತು ಬಿಟ್ಟಿದಾರೆ. ಅಕ್ಕನ ಫೋಟೋ ನೀನೇ ಬೀದಿಗೆ ಹಾಕ್ದೆ ಅಂತಾರೆ. ತಪ್ಪೆಲ್ಲ ನಂದೇ, ಆದ್ರೆ ನಾನೇನು ಕಸಕ್ಕೆ ಹಾಕ್ಲಿಲ್ಲ ಮೇಡಂ, ಕೈಮುಗಿದೇ ಇಟ್ಟಿದ್ದು."

ನಿನ್ನದಲ್ಲ ತಪ್ಪು ಎನ್ನಲು ವಿನಯಾ ಬಾಯಿ ತೆರೆದಳು. ಬಂದ ಮಾತು "ನಾನು ಹೇಳ್ತೀನಿ, ನೀನು ಹೋಗು" ಎಂಬುದು. ಆ ಹುಡುಗಿ ಥ್ಯಾಂಕ್ಸ್ ಎಂದು ಎರಡೆರಡು ಸಲ ಹೇಳಿ ಹೋದಳು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಈ ಥ್ಯಾಂಕ್ಸ್ ಅದಕ್ಕಿಂತ ಸುಡುತ್ತಿತ್ತು. ತನ್ನ ಒಂದು ಸುಳ್ಳಿನಿಂದ ಮುದುಕಿ ಬೀದಿ ಪಾಲಾಗಿದ್ದಳು, ಏನೂ ತಿಳಿಯದ ಸೊಸೆ ತಪ್ಪಿತಸ್ಥಳಾಗಿದ್ದಳು. ಊರಿಗೆಲ್ಲ ಸ್ವಚ್ಛತೆ ಕಲಿಸಿದವಳು ಮಾತ್ರ ಸ್ವಚ್ಛವಾಗಿ ಉಳಿದಿದ್ದಳು.

ಮರುದಿನ ವಿನಯಾ ಕಟ್ಟೆಯ ಮೇಲೆ ಕಾದು ಕೂತಳು. ಗುತ್ಯಮ್ಮ ಸೆರಗಿನಲ್ಲಿ ಅಬ್ಬಲಿಗೆ ಹೂ ಕಟ್ಟಿಕೊಂಡು ಬಂದಳು, ಇವತ್ತು ಕೆರೆಯ ಕಡೆಯ ಮನೆಗಳಿಗೆ ಹೋಗಬೇಕೆಂದಳು.

"ಹೋಗ್ಬೇಡಿ ಗುತ್ಯಮ್ಮ. ಕೂತ್ಕಳಿ. ಪಟ ಯಾರೂ ಒಯ್ದಿಲ್ಲ. ನಾನೇ ಒಯ್ದಿದ್ದು. ಬಿಚ್ಚಿ ಒಲೆಗೆ ಹಾಕಿದೆ. ಹಿಂದಿದ್ದ ಫೋಟೋನೂ ಅದರ ಜೊತೆ ಹೋಯ್ತು. ಅವತ್ತು ನಿಮ್ಮ ಹತ್ರ ಸುಳ್ಳು ಹೇಳಿದೆ."

ಬೈಯಲಿ ಎಂದು ಕಾದಳು. ಕೈ ಎತ್ತಿ ಹೊಡೆದರೂ ಸರಿ ಎನಿಸಿತ್ತು. ಗುತ್ಯಮ್ಮ ಸೆರಗು ಬಿಚ್ಚಿ ಹೂವನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಮಗ್ಗುಲಿಗೆ ಸರಿದು ಕೂತು, ವಿನಯಾಳ ಕೈ ಹಿಡಿದುಕೊಂಡಳು.

"ಹೋಗ್ಲಿ ಅಮ್ಮ. ದೇವೀನೂ ಅದ್ರ ಜತೀಗೇ ಹೋಗೈತಲ್ಲ. ಒಂದ್ ಮಾತ್ ಹೇಳಿ. ನನ್ ಆಶಂಗೆ ಆ ಫೋಟೋದಾಗೆ ಜಡೆ ಒಂದಿತ್ತಾ, ಎರಡಿತ್ತಾ? ಎಷ್ಟ್ ಯೋಚ್ನೆ ಮಾಡಿದ್ರೂ ನೆಪ್ಪಿಗೆ ಬರ್ತಾ ಇಲ್ಲ. ಮುಖಾನೂ ಅಳ್ಸಿ ಹೋಗ್ತಾ ಐತೆ. ಕಡೀಗೆ ಕಂಡೋರು ನೀವೇ ಅಲ್ವ, ಅದ್ಕೆ ಕೇಳ್ದೆ."

ಎರಡು ಜಡೆ, ಕೆಂಪು ರಿಬ್ಬನ್ನು ಎಂಬ ಮಾತು ವಿನಯಾಳ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಮುದುಕಿ ನಂಬುತ್ತಿದ್ದಳು. ನಂಬಿ, ಸಾಯುವವರೆಗೆ ಅದನ್ನೇ ಕಾಣುತ್ತಿದ್ದಳು.

"ನಾನು ನೋಡ್ಲಿಲ್ಲ ಗುತ್ಯಮ್ಮ," ಎಂದಳು. "ತಿರುಗಿಸಿ ನೋಡ್ಲೇ ಇಲ್ಲ."

ಗುತ್ಯಮ್ಮ ಹಿಡಿದಿದ್ದ ಕೈ ಬಿಟ್ಟಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಮೊಣಕಾಲಿಗೆ ಕೈಯೂರಿ ಎದ್ದು ನಿಂತು, ಮನೆಯ ದಾರಿ ಹಿಡಿಯುವ ಮೊದಲು ಒಮ್ಮೆ ತಿರುಗಿದಳು.

"ಒಂದ್ಸಲ ನೋಡ್ಬೌದಿತ್ತು ಅಮ್ಮ," ಎಂದಳು.