ವರ್ಷಕ್ಕೊಂದು ಕಾಗದ

ನೆಲ್ಯಾಡಿಯ ಚೆರಿಯನ್ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಬ್ಬರ್ ಗಿಡಕ್ಕೆ ಗುಂಡಿ ತೋಡುವಾಗ ತೊದಲುತ್ತಿದ್ದ, ತೂರಾಡುತ್ತಿದ್ದ. ಕುಡುಕನೆಂದು ಊರವರು ನಕ್ಕರು. ಹೆಂಡತಿ ಲೈಸಾ ಬೆಲ್ಲದ ನೀರು ಕುಡಿಸಿದ ಕೂಡಲೇ ಸರಿಯಾಗುತ್ತಿದ್ದ. ಅವನನ್ನು ಮದರಾಸಿನ ಆಸ್ಪತ್ರೆಗೆ ಕರೆದೊಯ್ದಾಗ ಅವಳು ಅದನ್ನೇ ಅಲ್ಲಿನ ಡಾಕ್ಟರಿಗೆ ಹೇಳಿದಳು. ಅವರು ೧೯೫೭ರಲ್ಲಿ ಅವನ ಮೇದೋಜೀರಕದಿಂದ ಕಡಲೆಕಾಳಿನಷ್ಟು ದೊಡ್ಡ, ಬಲು ಅಪರೂಪದ ಗಡ್ಡೆ ತೆಗೆದರು. ರಕ್ತದ ಸಕ್ಕರೆ ಇಳಿಸುತ್ತಿದ್ದದ್ದು ಅದೇ.

"ಮತ್ತೆ ಬೆಳೆಯಲೂಬಹುದು. ವರ್ಷಕ್ಕೊಮ್ಮೆ ಕಾಗದ ಬರೆಯಿರಿ" ಎಂದರು ಡಾಕ್ಟರು.

ಇಂಗ್ಲಿಷ್ ಬಾರದ ಚೆರಿಯನ್, ಪೋಸ್ಟ್ ಮಾಸ್ಟರ್ ಕೃಷ್ಣಮೋಹನರಿಂದ ಬರೆಸುತ್ತಿದ್ದ.

ಹತ್ತನೆಯ ವರ್ಷ ಅವರು ಕೇಳಿದರು, "ಈ ಸಲ ಎಂತ ಬರೆಯುದು ಮಾರಾಯ?"

"ಸೌಖ್ಯ ಉಂಟು ಅಂತ ಬರೀರಿ ಮಾಸ್ಟ್ರೇ. ಮೂರನೇ ಮಗು ಹುಟ್ಟಿದ್ದೂ ಬರೀರಿ."

ಡಾಕ್ಟರು ಸಂತೋಷದಿಂದ ಉತ್ತರಿಸಿದರು: ಅಪಾಯ ಕಳೆಯಿತು, ಇನ್ನು ಬರೆಯಬೇಕಾಗಿಲ್ಲ.

ಮರುವರ್ಷವೂ ಚೆರಿಯನ್ ಅಂಚೆ ಕಚೇರಿಗೆ ಬಂದ. "ಡಾಕ್ಟರು ಸೌಖ್ಯವಾ ಅಂತ ನಾವು ಕೇಳುದು ಬೇಡವಾ ಮಾಸ್ಟ್ರೇ?"