ಖಾನಾವಳಿಯಲ್ಲಿ ಕಾಯದ ಯಲ್ಲಕ್ಕ

ರನ್ನ ಬೆಳಗಲಿಯ ಯಲ್ಲಕ್ಕ ಖಾನಾವಳಿಯ ಬಾಗಿಲಲ್ಲಿ ಕಾದು ನಿಂತದ್ದನ್ನು ಕಂಡವರಿಲ್ಲ. ಕುರಿ ಮಾರಲು ಗಂಡ ಧರೆಪ್ಪನ ಜೊತೆ ಮುಧೋಳ, ಜಮಖಂಡಿ ಸಂತೆಗಳಿಗೆ ತಿರುಗಿ ತಿರುಗಿ, ಯಾರು ಯಾವಾಗ ಏಳುತ್ತಾರೆಂದು ಅವರ ತಾಟು ನೋಡಿಯೇ ಹೇಳುತ್ತಿದ್ದಳು. ಎರಡನೆಯ ಸಲ ಶೇಂಗಾ ಚಟ್ನಿ ಕೇಳಿದವನ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಇನ್ನೂ ರೊಟ್ಟಿ ಮುರಿಯುವವನೇ. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡವನು ಅರ್ಧ ಎದ್ದಂತೆ. ಅವನ ಬೆನ್ನ ಹಿಂದೆ ನಿಂತು, "ಸಾವಕಾಶ ಆಗ್ಲಿರಿ ಯಣ್ಣಾ, ನಮಗೇನ ಗಡಬಡಿ ಇಲ್ಲ" ಎಂದು ಮೆಲ್ಲಗೆ ಅನ್ನುವಳು. ಆ ಮಾತು ಕಿವಿಗೆ ಬಿದ್ದ ಮೇಲೂ ಸಾವಕಾಶವಾಗಿ ಉಂಡ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ.

"ನಿನ್ನ ಕಾಲಾಗ ಮಂದಿ ಮಜ್ಜಗಿ ಬಿಟ್ಟು ಏಳತಾರ. ಪಾಪ ಹತ್ತತೈತಿ" ಎಂದು ಧರೆಪ್ಪ ಬೈಯುವನು. ಬೈಯುತ್ತಲೇ ಖಾಲಿಯಾದ ಜಾಗದಲ್ಲಿ ಮೊದಲು ಕೂಡುವವನೂ ಅವನೇ.

ಮಗಳು ಮಾಲಾಳ ಮದುವೆಯ ಜವಳಿ ತರಲು ರಬಕವಿಗೆ ಹೋದ ದಿನ ಈ ವಿದ್ಯೆಗೆ ಪರೀಕ್ಷೆ ಬಂತು. ಲೋಕಾಪುರದ ಬೀಗರು ಗಿರಿಮಲ್ಲಪ್ಪ, ಸಾತವ್ವ ಜೊತೆಗಿದ್ದರು. ಹುಡುಗನ ತಾಯಿ ಸಾತವ್ವ ಮದುವೆಯ ತಿಥಿಯನ್ನು ಮುಂದೆ ಹಾಕುತ್ತಲೇ ಬಂದಿದ್ದಳು. ಒಮ್ಮೆ ಜೋಳದ ಸುಗ್ಗಿ ಅಂದಳು, ಒಮ್ಮೆ ಮನೆಗೆ ಸುಣ್ಣ ಆಗಬೇಕು ಅಂದಳು. ಜಮಖಂಡಿಯ ಇನ್ನೊಂದು ಹೆಣ್ಣಿನ ಮಾತೂ ಅವರ ಮನೆಯಲ್ಲಿ ನಡೆದಿದೆ ಎಂದು ಗಾಳಿಸುದ್ದಿ. ಇವತ್ತು ತಿಥಿ ಹೇಳಿಸದೆ ಇವರನ್ನು ಬಸ್ಸು ಹತ್ತಿಸಿದರೆ ಸಂಬಂಧ ಕೈಬಿಟ್ಟುಹೋದಂತೆಯೇ ಎಂದು ಯಲ್ಲಕ್ಕನಿಗೆ ಗೊತ್ತಿತ್ತು. ಸೀರೆ ಅಂಗಡಿಯಲ್ಲಿ ಕೇಳಿದ್ದಕ್ಕೆ ಸಾತವ್ವ, "ಹೊಟ್ಟಿ ಹಸ್ದೈತಿ. ಊಟಾ ಆಗ್ಲಿ, ಹೇಳೂಣಂತ" ಅಂದಿದ್ದಳು.

ಖಾನಾವಳಿ ಕಿಕ್ಕಿರಿದಿತ್ತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಡಬೇಕಾದ ಬೀಳಗಿ ಕಡೆಯವರು, ಹಳೆಯ ಮನೆಯ ಮುಂದೆಯೇ ಹಂದರ ಹಾಕಿಬಿಡೋಣವೆಂದು ಮದುವೆಗಳನ್ನೆಲ್ಲ ಒಟ್ಟಿಗೇ ಹಿಡಿದಿದ್ದ ವರ್ಷ ಅದು. ಜವಳಿಗೆ ಎಲ್ಲರೂ ಬರುವುದು ರಬಕವಿಗೇ. ಬಾಗಿಲಲ್ಲಿ ಗುಂಪು ಕಂಡು ಸಾತವ್ವ ಮೂಗು ಮುರಿದಳು.

"ಬೀಗರನ್ನ ಬಿಸಲಾಗ ನಿಂದ್ರಸಾಕ ಕರಕೊಂಡ ಬಂದೀರೇನ?"

ಯಲ್ಲಕ್ಕ ಮಂದಿಯ ನಡುವೆ ನುಸುಳಿ ಒಳಗೆ ಹೋದಳು. ಮೂಲೆಯ ಮೇಜಿನಲ್ಲಿ ಬೀಳಗಿ ಕಡೆಯದೇ ಒಂದು ಮನೆತನ ಎದುರುಬದುರು ಬೆಂಚಿನಲ್ಲಿ ಕುಳಿತು ಉಣ್ಣುತ್ತಿತ್ತು. ಆಗಷ್ಟೇ ಅನ್ನ ಬಡಿಸಿಕೊಂಡಿದ್ದರು. ಅವರ ಹಿರಿಯಳು ಹೊಳೆವ್ವ, ತಲೆ ಎತ್ತಿ ಯಲ್ಲಕ್ಕನನ್ನು ಕಂಡು, "ಬಾರವ್ವಾ, ಊಟಾ ಮಾಡು ಬಾ" ಅಂದಳು. ಉಣ್ಣುವವರು ಕಂಡವರನ್ನು ಹಾಗೆ ಕರೆಯಬೇಕು. ಕರೆಸಿಕೊಂಡವರು "ನಮ್ಮದಾತು, ನೀವು ಮಾಡ್ರಿ" ಎಂದು ಮುಂದೆ ಹೋಗಬೇಕು. ಅದು ರೂಢಿ. ಯಲ್ಲಕ್ಕ ಮುಂದೆ ಹೋಗಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದಳು.

"ಬರ್ರಿ ಬೀಗರ, ಯಕ್ಕ ಊಟಕ್ಕ ಕರ್ಯಾಕತ್ತಾಳ."

ಹೊಳೆವ್ವ ತುತ್ತು ಬಾಯಲ್ಲೇ ಇಟ್ಟುಕೊಂಡು ನೋಡಿದಳು. ಆಮೇಲೆ ನಗು ತಡೆಯಲಾರದೆ ತನ್ನವರನ್ನು ಒತ್ತರಿಸಿ, ಗೋಡೆಯ ಕಡೆಯ ಬೆಂಚನ್ನು ಬೀಗರಿಗೆ ಬಿಡಿಸಿಕೊಟ್ಟಳು. ಬೀಗರು ಉಂಡ ಮೇಲೆಯೇ ಹೆಣ್ಣಿನ ಕಡೆಯವರು ಉಣ್ಣಬೇಕು. ಹಾಗಾಗಿ ಯಲ್ಲಕ್ಕ, ಧರೆಪ್ಪ ಇಬ್ಬರೂ ನಿಂತೇ ಉಪಚಾರ ಮಾಡಿದರು.

ಸಾತವ್ವ ಎಣ್ಣೆಗಾಯಿ ಮತ್ತೆ ಮತ್ತೆ ಹಾಕಿಸಿಕೊಂಡಳು. ತಾಟು ಬರಿದಾದ ಮೇಲೂ ಹೊಳೆವ್ವನ ಕೂಡ ಸೊಸೆಯರ ಸುದ್ದಿ ತೆಗೆದು ಕುಳಿತಳು. ಯಲ್ಲಕ್ಕ ಬಗ್ಗಿ ಕೇಳಿದಳು.

"ಬೀಗತಿ, ಊಟಾ ಆತು. ತಿಥಿ?"

"ಊರಿಗೆ ಹೋಗಿ ಹಿರ್ಯಾರನ್ನ ಕೇಳಿ ಹೇಳ್ತೀವಿ ತಗೋ." ಸಾತವ್ವ ಏಳಲು ಸೆರಗು ಸರಿಮಾಡಿಕೊಂಡಳು.

ಅಷ್ಟು ವರ್ಷ ಕುಳಿತವರನ್ನು ಎಬ್ಬಿಸುತ್ತ ಬಂದಿದ್ದ ಯಲ್ಲಕ್ಕ ಈಗ ಬೆಂಚಿನ ತುದಿಗೆ ಬಂದು ಅಡ್ಡ ನಿಂತಳು. ಹಿಂದೆಯೂ ಒಂದು ಮಗ್ಗುಲಿಗೂ ಗೋಡೆ, ಮುಂದೆ ಮೇಜು. ದಾರಿ ಇದ್ದದ್ದು ಆಕೆ ನಿಂತಲ್ಲಿಯೇ.

"ಕೂಡ್ರಿ. ಏನ ಅವಸರ?"

"ಅತ್ತಾಗ ಸರಿಯವಾ, ಕೈ ತೊಳಕೋಬೇಕು."

"ತಿಥಿ ಹೇಳ್ರಿ, ಕೈಗೆ ನೀರು ನಾನ ಹಾಕ್ತೀನಿ."

"ಎಂಜಲ ಕೈ ಒಣಗಾಕತ್ತೈತಿ."

"ಎಂಜಲ ಕೈ ಒಣಗಿಸಿಕೊಂಡು ಕುಂತ್ರ ಮನ್ಯಾಗ ಮದಿವಿ ಆಗಂಗಿಲ್ಲಂತ, ನಮ್ಮತ್ತಿ ಹೇಳತಿದ್ಲು" ಎಂದು ಎದುರಿನಿಂದ ಹೊಳೆವ್ವ ಕಡ್ಡಿ ಆಡಿಸಿದಳು.

ಜಾಗಕ್ಕಾಗಿ ಕಾಯುತ್ತಿದ್ದ ನೇಕಾರನೊಬ್ಬ ಹಿಂದಿನಿಂದ ಗೋಗರೆದ. "ಯಕ್ಕಾ, ಹೇಳಿ ಬಿಡಬೇ. ಮಗ್ಗಾ ನಿಂದ್ರಿಸಿ ಬಂದೇನಿ, ಹೊಟ್ಟಿ ತಾಳ ಹಾಕಾಕತ್ತೈತಿ."

ಅವನ ಹಿಂದಿದ್ದವರೂ "ಹೇಳ್ರಿ, ಹೇಳ್ರಿ" ಅಂದರು. ಹೆಂಡತಿಗಿಂತ ಮೊದಲು ಎಂದೂ ಬಾಯಿ ತೆರೆಯದ ಗಿರಿಮಲ್ಲಪ್ಪ ತನ್ನ ಕೈಯನ್ನೊಮ್ಮೆ ನೋಡಿಕೊಂಡ.

"ಬಸವ ಜಯಂತಿ ಮರುದಿನ" ಅಂದುಬಿಟ್ಟ.

ಸಾತವ್ವ ಗಂಡನನ್ನು ಸುಡುವಂತೆ ನೋಡಿದಳು. ಸುತ್ತಲಿನ ಮಂದಿಯನ್ನೂ ನೋಡಿದಳು.

"ಅವರ ಅಂದ್ರಲ್ಲ, ಆತು. ಇಷ್ಟು ಮಂದ್ಯಾಗ ನಾ ಇಲ್ಲಾ ಅನ್ನಾಕ ಬರತೈತೇನ? ಸರಿಯವಾ ಇನ್ನ."

"ಎಲ್ಲಾರೂ ಕೇಳಿದ್ರಲ್ಲ?" ಎಂದು ಯಲ್ಲಕ್ಕ ಮಂದಿಯಿಂದ ಹೂಂ ಅನ್ನಿಸಿಕೊಂಡ ಮೇಲೆಯೇ ಸರಿದಳು. ಹಿತ್ತಲಿಗೆ ಕರೆದೊಯ್ದು ಬೀಗರ ಕೈಗೆ ತಾನೇ ನೀರು ಹಾಕಿದಳು. ಮರಳಿ ಬಂದು ನೋಡಿದರೆ ಬೆಂಚಿನ ಒಂದು ಜಾಗದಲ್ಲಿ ನೇಕಾರ, ಇನ್ನೊಂದರಲ್ಲಿ ಧರೆಪ್ಪ. ಇಬ್ಬರೂ ಆಗಲೇ ರೊಟ್ಟಿ ಮುರಿಯುತ್ತಿದ್ದರು.

ಬೀಗರ ಬಸ್ಸು ಹೋದ ಮೇಲೆ ಯಲ್ಲಕ್ಕ ಸ್ಟ್ಯಾಂಡಿನಲ್ಲಿ ನಿಂತು ಚುರಮರಿ, ಮಿರ್ಚಿ ತಿಂದಳು.

"ಒಳಗ ಬಂದು ಕೂಡಬೇಕಿಲ್ಲೇನ?" ಎಂದು ಧರೆಪ್ಪ ತೇಗಿದ.

"ನೀ ಮದ್ಲ ಹಂದರಕ್ಕ ಬಿದರಿನ ಗಳಾ ಎಲ್ಲಿಂದ ತರತಿ, ಅದನ್ನ ಹೇಳು" ಅಂದಳು ಯಲ್ಲಕ್ಕ, ಬಾಯಿ ತುಂಬ ಚುರಮರಿ ಇಟ್ಟುಕೊಂಡು.